ಎಂಜಿನ್ ತಣಿಯುವಷ್ಟು ಹೊತ್ತು

ಮೇಷ್ಟ್ರಿಗೆ ಜಂಭ ಅಂತ ಅವಳು ತೀರ್ಮಾನ ಮಾಡಿ ಮೂರು ತಿಂಗಳಾಗಿತ್ತು.

ಇಬ್ಬರದೂ ಒಂದೇ ಕಟ್ಟಡ. ಅವಳು ಅಮ್ಮನ ಜೊತೆ ಎರಡನೇ ಮಹಡಿಯಲ್ಲಿ, ಅವನು ಒಬ್ಬನೇ ನೆಲಮಹಡಿಯಲ್ಲಿ. ಅವಳದು ಕಣ್ಣಾಸ್ಪತ್ರೆಯಲ್ಲಿ ದೃಷ್ಟಿ ಪರೀಕ್ಷೆ ಮಾಡುವ ಕೆಲಸ. ಅವನದು ಕಾಲೇಜಿನಲ್ಲಿ ಲೆಕ್ಕ ಹೇಳಿಕೊಡುವ ಕೆಲಸ. ಬೆಳಿಗ್ಗೆ ಗೇಟಿನ ಪಕ್ಕ ನಿಂತು ಅವಳು ನಗುತ್ತಿದ್ದಳು. ಅವನು ನೆಟ್ಟಗೆ ಮುಂದೆ ನೋಡಿಕೊಂಡು, ಲೈಟುಕಂಬ ದಾಟಿದ ಹಾಗೆ ಅವಳನ್ನು ದಾಟಿ ಹೋಗುತ್ತಿದ್ದ. ನಾಲ್ಕನೇ ಸಲಕ್ಕೆ ನಗು ವಾಪಸ್ ತಗೊಂಡು ಅಮ್ಮನ ಹತ್ತಿರ ದೂರಿದಳು.

"ಲೆಕ್ಕದವರು ಹಾಗೇ ಕಣೇ," ಅಂದಳು ಅಮ್ಮ. "ನಗೋಕೂ ಫಾರ್ಮುಲಾ ಬೇಕು."

ಒಂದು ದಿನ ಬಸ್ಸು ಬರಲಿಲ್ಲ. ಕಾದು ಕಾದು ರೋಸಿಹೋಗಿ ಅವಳು ರಸ್ತೆಗೇ ಇಳಿದು ನಿಂತಳು. ಎದುರಿಗೆ ಬಂದ ಬೂದು ಬಣ್ಣದ ಕಾರು ಮೆಲ್ಲಗೆ ನಿಂತಿತು. ಒಳಗಿದ್ದ ಮೇಷ್ಟ್ರ ಮುಖದ ತುಂಬ ನಗು.

"ನೀವು ಮೇಲ್ಗಡೆ ಮನೆ ಡಾಕ್ಟ್ರಲ್ವಾ? ಕಾಣೋದೇ ಇಲ್ವಲ್ಲ ನೀವು."

ಕಾಣಿಸಿಕೊಂಡು ಸಾಕಾಗಿದ್ದ ಅವಳು ಬಾಗಿಲಿನ ಹಿಡಿಗೆ ಕೈ ಹಾಕಿದಳು. ತಾನು ಡಾಕ್ಟರಲ್ಲ ಅಂತ ಮಾತ್ರ ಹೇಳಿ ಹತ್ತಿ ಕೂತಳು.

ಹದಿನೆಂಟು ವರ್ಷದ ಕಾರು. ಏಳು ಸೀಟು. ಪೆಟ್ಟಿಗೆಯಂಥ ಮೈ. ಹಿಂದಿನ ಗಾಜಿನ ಮೇಲೆ ಮೊದಲಿದ್ದವರ ಮಗು ಯಾವ ಕಾಲದಲ್ಲೋ ಅಂಟಿಸಿದ್ದ ಆನೆ ಸ್ಟಿಕ್ಕರ್ ಅರ್ಧ ಸವೆದಿತ್ತು. ಹೆಂಡತಿ ಮಕ್ಕಳಿಲ್ಲದವರಿಗೆ ಏಳು ಸೀಟು ಯಾಕೆ ಅಂತ ಅವಳು ಕೆಣಕಿದಳು. ಅವರೆಲ್ಲ ಬಂದ ಮೇಲೆ ಗಾಡಿ ಹುಡುಕುತ್ತಾ ಓಡಾಡೋಕಾಗುತ್ತಾ ಅಂತ ಅವನು ಕೇಳಿದ. ಕೇಳಿ ತಾನೇ ಕೆಂಪಾದ.

ಸೇತುವೆ ದಾಟಿದ ಮೇಲೆ ಏರು. ಹಿಂದೆ ಫಳಫಳ ಹೊಳೆಯುವ ಹೊಸ ಕಾರೊಂದು ಒಂದೇ ಸಮ ಹಾರನ್ ಹೊಡೆಯುತ್ತಿತ್ತು. ಮೇಷ್ಟ್ರು ಗೇರ್ ಒಂದು ಇಳಿಸಿ ಆಕ್ಸಿಲರೇಟರ್ ಒತ್ತಿದ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಬಾನೆಟ್ಟಿನೊಳಗೆ ಸಣ್ಣಗೆ ಸಿಳ್ಳೆ ಕೇಳಿಸಿತು. ಅವಳ ಬೆನ್ನು ಸೀಟಿಗೆ ಅಂಟಿತು. ಹೊಸ ಕಾರು ಕನ್ನಡಿಯಲ್ಲಿ ಬೆಂಕಿಪೊಟ್ಟಣದಷ್ಟಾಯಿತು.

ಟರ್ಬೊ ಅಂತ ಅವನು ವಿವರಿಸಿದ. ಎಂಜಿನ್ ಬಿಟ್ಟ ಹೊಗೆ ಹೊರಗೆ ಹೋಗುವ ದಾರಿಯಲ್ಲಿ ಒಂದು ಪುಟ್ಟ ಫ್ಯಾನು ತಿರುಗಿಸುತ್ತೆ, ಅದು ಎಂಜಿನ್ನಿಗೆ ಇನ್ನಷ್ಟು ಗಾಳಿ ತುಂಬುತ್ತೆ. ಹೊರಗಿಂದ ನೋಡಿದರೆ ಯಾರಿಗೂ ಗೊತ್ತಾಗೋದಿಲ್ಲ. ಅದೇ ನನಗಿಷ್ಟ, ಅಂದ.

ಆಸ್ಪತ್ರೆ ಬಂತು. ಅವನು ಎಂಜಿನ್ ಆಫ್ ಮಾಡಲಿಲ್ಲ. ಏರು ಹತ್ತಿ ಟರ್ಬೊ ಕಾದಿರುತ್ತಂತೆ. ತಕ್ಷಣ ನಿಲ್ಲಿಸಿದರೆ ಒಳಗಿನ ಆಯಿಲ್ ಸುಟ್ಟುಹೋಗುತ್ತಂತೆ. ಒಂದು ನಿಮಿಷ ಸುಮ್ಮನೆ ಓಡೋಕೆ ಬಿಡಬೇಕು.

ಆ ಒಂದು ನಿಮಿಷ ಅವಳೂ ಇಳಿಯಲಿಲ್ಲ. ಮಾರನೇ ದಿನವೂ ಇಳಿಯಲಿಲ್ಲ. ದಿನಾ ಬೆಳಿಗ್ಗೆ ಅವನ ಜೊತೆಯಲ್ಲೇ ಹೊರಡುವುದು ರೂಢಿಯಾದ ಮೇಲೆ, ಇಡೀ ದಿನದಲ್ಲಿ ತನ್ನದು ಅಂತ ಅವಳಿಗೆ ಅನಿಸುತ್ತಿದ್ದದ್ದು ಆ ನಿಮಿಷ ಮಾತ್ರ.

ಆಗ ಅವನನ್ನು ನೋಡುತ್ತಿದ್ದಳು. ಮೊದಮೊದಲು ಕದ್ದು, ಆಮೇಲೆ ರಾಜಾರೋಷವಾಗಿ. ಕಿವಿಯ ಮೇಲೆ ಹಣಿಕುತ್ತಿದ್ದ ನಾಲ್ಕು ಬಿಳಿ ಕೂದಲು. ಅವಸರದಲ್ಲಿ ಒಂದು ಕಡೆ ಮಡಿಸಿಕೊಂಡ ಕಾಲರು. ಗಲ್ಲದ ಕೆಳಗೆ ರೇಜರ್ ತಪ್ಪಿಸಿಕೊಂಡ ಜಾಗ. ಅವನು ಒಂದು ಸಲವೂ ತಿರುಗಿ ನೋಡುತ್ತಿರಲಿಲ್ಲ. ಗೊತ್ತಿದ್ದೂ ಗೊತ್ತಿಲ್ಲದ ಹಾಗಿದ್ದಾರೆ, ನಾಚಿಕೆ ಸ್ವಭಾವ, ಅಂತ ಅವಳು ಒಳಗೊಳಗೇ ನಗುತ್ತಿದ್ದಳು. ದಿನಕ್ಕೆ ನಲವತ್ತು ಜನರ ಕಣ್ಣು ನೋಡುವವಳಿಗೆ ಬೇರೆ ಏನೂ ಹೊಳೆಯಲಿಲ್ಲ.

ಹೊಳೆದದ್ದು ಒಂದು ಶುಕ್ರವಾರ. ಪಕ್ಕದ ರಸ್ತೆಯಿಂದ ಸೈಕಲ್ ಹುಡುಗಿಯೊಬ್ಬಳು ಬರುತ್ತಿದ್ದಳು. ಹಳದಿ ಅಂಗಿ, ದೂರದಿಂದಲೇ ಕಾಣುತ್ತಿದ್ದಳು. ಮೇಷ್ಟ್ರು ಬ್ರೇಕ್ ಹಾಕುತ್ತಾನೆ ಅಂತ ಅವಳು ಕಾದಳು. ಹಾಕಲಿಲ್ಲ. ಕೊನೇ ಗಳಿಗೆಯಲ್ಲಿ ಅವಳೇ ಹ್ಯಾಂಡ್‌ಬ್ರೇಕ್ ಎಳೆದಳು. ಕಾರು ಕಿರುಚಿ ನಿಂತಿತು. ಹುಡುಗಿ ಬಾಯಿಗೆ ಬಂದಂತೆ ಬೈದು ಹೋದಳು.

"ಎಲ್ಲಿಂದ ಬಂದಳು ಇವಳು?" ಅಂದ ಅವನು.

ಆಸ್ಪತ್ರೆಯವರೆಗೂ ಅವಳು ಹ್ಯಾಂಡ್‌ಬ್ರೇಕಿನ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದಳು. ಸಂಜೆಯಾದ ಮೇಲೆ ಹೆಡ್‌ಲೈಟು ಮಂಕು ಅಂತ ನೆಪ ಹೇಳಿ ಅವನು ಗಾಡಿ ತೆಗೆಯದಿದ್ದದ್ದು, ಕಾರಿನ ಎರಡೂ ಬದಿಯ ಗೀರುಗಳು, ಗೇಟಿನ ಪಕ್ಕ ನಾಲ್ಕು ಸಲ ವ್ಯರ್ಥವಾದ ನಗು, ಎಲ್ಲ ಒಂದರ ಹಿಂದೆ ಒಂದು ಬಂದು ನಿಂತವು. ಕಾರು ನಿಂತಿತು. ಎಂಜಿನ್ ಸುಮ್ಮನೆ ಓಡುತ್ತಿತ್ತು. ಅವಳು ಕೈ ಎತ್ತಿ ಅವನ ಕಿವಿಯ ಹತ್ತಿರ ಹಿಡಿದಳು.

"ಮೇಷ್ಟ್ರೇ, ನನ್ನ ಕೈ ಎಲ್ಲಿದೆ?"

"ಬ್ಯಾಗಿನ ಮೇಲಿರಬೇಕು."

ಕೈಯನ್ನು ನಿಧಾನವಾಗಿ ಮುಂದೆ ತಂದಳು. ಕಿವಿ ದಾಟಿತು, ಹುಬ್ಬಿನ ತುದಿ ದಾಟಿತು. ಹೆಚ್ಚುಕಡಿಮೆ ಮೂಗಿನ ನೇರಕ್ಕೆ ಬಂದಾಗ ಅವನ ಕಣ್ಣು ಅಲುಗಿತು. ಅವನು ಮೊದಲು ಕೈಯನ್ನು ನೋಡಿದ, ಆಮೇಲೆ ಅವಳನ್ನು. ಏನು, ಯಾಕೆ ಅಂತ ಕೇಳಲಿಲ್ಲ. ಕೇಳದೇ ಇದ್ದದ್ದರಿಂದ ಅವನಿಗೆ ಮೊದಲೇ ಗೊತ್ತಿತ್ತು ಅಂತ ಅವಳಿಗೆ ಗೊತ್ತಾಯಿತು.

ಅವನ ಅಪ್ಪನಿಗೂ ಹೀಗೇ ಆಗಿತ್ತಂತೆ. ಬದಿಯಿಂದ ಶುರುವಾಗಿ ನಲವತ್ತೈದಕ್ಕೆ ಪೂರ್ತಿ ಕತ್ತಲು. ಇವನಿಗೀಗ ಮೂವತ್ತೊಂಬತ್ತು. ಪರೀಕ್ಷೆ ಮಾಡಿಸಿಕೊಳ್ಳದಿದ್ದರೆ ಕಾಯಿಲೆ ಇಲ್ಲ ಅಂತ ಲೆಕ್ಕ ಹಾಕಿದ್ದ. ಅವಳಿಗೆ ಸಿಟ್ಟು ನೆತ್ತಿಗೇರಿತು. ಆ ಹುಡುಗಿಗೆ ಏನಾದರೂ ಆಗಿದ್ದರೆ ಅಂತ ಕೇಳಿದಳು. ಅವನು ಸ್ಟೀರಿಂಗ್ ಬಿಟ್ಟು ಕೈ ಎರಡೂ ಮಡಿಲಲ್ಲಿಟ್ಟುಕೊಂಡ. ಅವತ್ತಿನಿಂದ ಅವನು ಆ ಸೀಟಿನಲ್ಲಿ ಕೂರಲಿಲ್ಲ.

ಪರೀಕ್ಷೆ ಅವಳೇ ಮಾಡಿದಳು. ಯಂತ್ರ ಕೊಟ್ಟ ಹಾಳೆಯಲ್ಲಿ ಎರಡು ದೊಡ್ಡ ಕಪ್ಪು ವೃತ್ತ. ಪ್ರತಿಯೊಂದರ ನಡುವೆ ಅಂಗಿ ಗುಂಡಿಯಷ್ಟೇ ಬಿಳಿ, ಅವನಿಗೆ ಕಾಣುವುದು ಅಷ್ಟೇ. ಇದಕ್ಕೆ ಮದ್ದಿಲ್ಲ ಅಂತ ದೊಡ್ಡ ಡಾಕ್ಟರು ಮೆತ್ತಗೆ ಹೇಳಿದರು. ವಾಹನ ಓಡಿಸಲು ಯೋಗ್ಯರಲ್ಲ ಅಂತ ಅವಳು ಫಾರ್ಮಿನಲ್ಲಿ ಬರೆದಳು. ಅಷ್ಟು ದುಂಡಗೆ ಅವಳು ಯಾವತ್ತೂ ಬರೆದಿರಲಿಲ್ಲ.

ಕಾರು ನಿಂತಲ್ಲೇ ನಿಂತರೆ ಹಾಳಾಗುತ್ತೆ ಅಂತ ಅವನು ಅವಳಿಗೆ ಓಡಿಸೋದು ಕಲಿಸಿದ. ಆರು ಭಾನುವಾರ. ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತು, ಬರೀ ಸದ್ದಿನ ಮೇಲೆ ಗೇರ್ ಹೇಳುತ್ತಿದ್ದ. ಟರ್ಬೊ ಸಿಳ್ಳೆ ಹಾಕೋ ಮುಂಚೆ ಒಂದು ಕ್ಷಣ ಸುಮ್ಮನಿರುತ್ತಲ್ಲ, ಆಗ ಗಾಬರಿಯಾಗಬೇಡಿ, ನಂಬಿ, ಅನ್ನುತ್ತಿದ್ದ. ಅವಳು ಕ್ಲಚ್ ಬಿಟ್ಟು ಎಂಜಿನ್ ನಿಂತಾಗಲೆಲ್ಲ ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದರು. ಆ ಆರು ಭಾನುವಾರ ಯಾರಾದರೂ ನೋಡಿದ್ದರೆ ಹೊಸದಾಗಿ ಮದುವೆಯಾದವರು ಅಂದುಕೊಳ್ಳುತ್ತಿದ್ದರು.

ಆರನೇ ಭಾನುವಾರ ಸೇತುವೆಯ ಏರನ್ನು ಅವಳು ಒಂದೇ ಉಸಿರಿಗೆ ಹತ್ತಿಸಿದಳು. ಮೇಲೆ ಮರದ ನೆರಳಿನಲ್ಲಿ ನಿಲ್ಲಿಸಿ, ಎಂಜಿನ್ ಓಡಲು ಬಿಟ್ಟು, ಹೇಳಿಯೇ ಬಿಟ್ಟಳು. ಕಾರು ಮಾರೋದು ಬೇಡ, ಇರಲಿ. ನಾನು ಓಡಿಸ್ತೀನಿ. ದಿನಾ ಕಾಲೇಜಿಗೆ ಬಿಡ್ತೀನಿ. ಏಳು ಸೀಟೂ ಖಾಲಿ ಇಟ್ಟುಕೊಂಡು ಏನು ಮಾಡ್ತೀರಿ?

ಅವನು ಅವಳ ಕಡೆ ಪೂರ್ತಿ ತಿರುಗಿದ.

"ನನಗೂ ನೀನು ಬೇಕು," ಅಂದ. ಮೊದಲ ಸಲ ನೀನು ಅಂದಿದ್ದ. "ಅಮ್ಮ ಇಪ್ಪತ್ತು ವರ್ಷ ಅಪ್ಪನ ಕೈ ಹಿಡಿದು ನಡೆಸಿದಳು. ಒಂದು ದಿನ ಗೊಣಗಲಿಲ್ಲ. ಅಪ್ಪ ಹೋದ ಮೇಲೆ ಒಂದು ಸಂಜೆ ಒಬ್ಬಳೇ ರಸ್ತೇಲಿ ನಡೀತಿದ್ದಳು. ಎಷ್ಟು ಬೀಸುಬೀಸಾಗಿ ನಡೀತಿದ್ದಳು ಗೊತ್ತಾ? ಅದನ್ನ ನಾನು ನೋಡಿಬಿಟ್ಟೆ."

"ನಾನು ನಿಮ್ಮಮ್ಮ ಅಲ್ಲ."

"ಅಲ್ಲ. ಆದರೆ ನಾನು ನಮ್ಮಪ್ಪನೇ."

ಅವಳು ವಾದಿಸಿದಳು, ಅತ್ತಳು, ನಾಲ್ಕು ದಿನ ಮಾತು ಬಿಟ್ಟಳು. ಹುಟ್ಟುವ ಮಕ್ಕಳಿಗೂ ಇದು ಬರಬಹುದು ಅಂತ ಅವನು ಅಂದಾಗ, ಮಕ್ಕಳೇ ಬೇಡ ಅಂದಳು. ಅವನು ಜಗ್ಗಲಿಲ್ಲ. ಅವನ ಅಣ್ಣನ ಊರಿನಲ್ಲಿ ಕೋಲು ಹಿಡಿದು ನಡೆಯುವುದು, ಬೆರಳಲ್ಲಿ ಓದುವುದು ಹೇಳಿಕೊಡುವ ಶಾಲೆಯಿತ್ತು. ಕಣ್ಣಿರುವಾಗಲೇ ಕಲಿಯಬೇಕು ಅಂತ ಕಾಲೇಜಿಗೆ ರಾಜೀನಾಮೆ ಬರೆದುಕೊಟ್ಟ.

ಹೊರಡುವ ಹಿಂದಿನ ಸಂಜೆ ಕಾರು ಹೋಯಿತು. ಕೊಂಡವರು ಗಂಡ ಹೆಂಡತಿ, ಮೂರು ಮಕ್ಕಳು. ಅವಳೇ ಓಡಿಸಿಕೊಂಡು ಅವರ ಮನೆಗೆ ತಲುಪಿಸಿದಳು. ಆಯಿಲ್ ಯಾವಾಗ ಬದಲಿಸಬೇಕು, ಏರು ಹತ್ತಿದ ಮೇಲೆ ಎಷ್ಟು ಹೊತ್ತು ತಣಿಯಲು ಬಿಡಬೇಕು ಅಂತ ಅವನು ಆ ಗಂಡನಿಗೆ ಎರಡೆರಡು ಸಲ ಹೇಳಿದ. ಮಕ್ಕಳು ಆಗಲೇ ಹಿಂದಿನ ಸೀಟಿಗೆ ಜಗಳ ಶುರುಮಾಡಿದ್ದರು.

ವಾಪಸ್ ನಡೆದು ಹೊರಟರು. ಬೆಳಕು ಇಳಿಯುತ್ತಿತ್ತು. ಅವಳಿಗೆ ಅದು ಬರೀ ಸಂಜೆ, ಅವನಿಗೆ ಆಗಲೇ ರಾತ್ರಿ. ಫುಟ್‌ಪಾತಿನ ಅಂಚಿನಲ್ಲಿ ಅವನು ತಡೆದು ನಿಂತ. ಅವಳು ಮೊಣಕೈ ಮುಂದೆ ಮಾಡಿದಳು. ಅವನು ಹಿಡಿದುಕೊಂಡ.

ಇಷ್ಟು ದಿನಗಳಲ್ಲಿ ಅವನು ಅವಳನ್ನು ಮುಟ್ಟಿದ್ದು ಅದೇ ಮೊದಲು.

ಮನೆವರೆಗೆ ಇಪ್ಪತ್ತು ನಿಮಿಷದ ದಾರಿ. ಅವಳು ಮೆಟ್ಟಿಲು ಅಂದಳು, ಹೊಂಡ ಅಂದಳು, ಇಲ್ಲಿ ತಿರುವು ಅಂದಳು. ಸುತ್ತಿನ ದಾರಿ ಹಿಡಿದದ್ದು ಇಬ್ಬರಿಗೂ ಗೊತ್ತಿತ್ತು. ಗೇಟಿನ ಹತ್ತಿರ ಅವನು ಕೈ ಬಿಟ್ಟ.

"ಇಲ್ಲಿಂದ ನನಗೆ ಗೊತ್ತು," ಅಂದ. "ಬೆಳಿಗ್ಗೆ ಅಣ್ಣ ಬಂದಾಗ ಕೆಳಗೆ ಬರಬೇಡ. ಬಂದರೆ ನಾನು ಹೋಗಲಾರೆ."

ಅವಳು ಬರಲ್ಲ ಅಂತ ಮಾತು ಕೊಟ್ಟಳು. ಅವನು ಗೋಡೆ ಸವರಿಕೊಂಡು ಒಳಗೆ ಹೋದ. ಬೀಗ ತೆಗೆದ ಸದ್ದು ಕೇಳುವವರೆಗೂ ನಿಂತಿದ್ದು ಅವಳು ಮೆಟ್ಟಿಲು ಹತ್ತಿದಳು.

ಕಾರು ಹೋಯಿತಾ ಅಂತ ಅಮ್ಮ ಕೇಳಿದಳು. ಒಳ್ಳೆ ಮನೆ ಸೇರಿತು ಅಂತ ಹೇಳಿ ಅವಳು ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತಳು. ಚಪ್ಪಲಿಯ ಬಕಲ್ ಬಿಚ್ಚಲು ಬಗ್ಗಿದಳು. ಎಷ್ಟು ಎಳೆದರೂ ಬರಲಿಲ್ಲ. ಅಮ್ಮ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮಂಡಿ ಹಿಡಿದುಕೊಂಡು ನೆಲಕ್ಕೆ ಕೂತು, ಮಗಳ ಪಾದವನ್ನು ತನ್ನ ತೊಡೆ ಮೇಲಿಟ್ಟುಕೊಂಡು, ಒಂದೊಂದಾಗಿ ಎರಡೂ ಬಿಚ್ಚಿದಳು.