ಕಾಣೆಯಾದ ಮಂಗಳವಾರ

ಮಾರ್ಚ್ ಹನ್ನೊಂದು, ಬುಧವಾರ. ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಠಾಣೆಗೆ ಬಂದ ಮನುಷ್ಯ ಬೆಂಚಿನ ತುದಿಯಲ್ಲಿ ಕೂತು ಕಾದ. ಸರದಿ ಬಂದಾಗ ಎದ್ದು ನಿಂತು, ತನ್ನದೊಂದು ದಿನ ಕಾಣೆಯಾಗಿದೆ ಎಂದ.

ದೂರು ಬರೆದುಕೊಳ್ಳುವ ರೈಟರ್ ಪೆನ್ನಿನ ಮುಚ್ಚಳ ತೆಗೆದಿದ್ದವನು ಮತ್ತೆ ಹಾಕಿದ.

"ಏನು ಕಾಣೆಯಾಗಿದೆ?"

"ಮಂಗಳವಾರ, ಸಾರ್. ನಿನ್ನೆ."

"ಪರ್ಸು, ಫೋನು?"

"ಅವೆಲ್ಲ ಇವೆ. ರಾತ್ರಿ ಪಾಳಿ ಮುಗಿಸಿ ನಿನ್ನೆ ಬೆಳಿಗ್ಗೆ ಏಳಕ್ಕೆ ರೂಮಿಗೆ ಬಂದೆ. ಚಹಾ ಕುಡ್ದೆ. ಕಣ್ಣು ಬಿಟ್ರೆ ಬುಧವಾರ."

"ಕುಡ್ದಿದ್ದು ಚಹಾನೇ ತಾನೆ?"

ಪಕ್ಕದಲ್ಲಿದ್ದ ಮಹಿಳಾ ಪೇದೆ ನಗು ತಡೆಯಲಾರದೆ ಕಡತದ ಹಿಂದೆ ಮುಖ ಮರೆಸಿಕೊಂಡಳು. ಬಂದವನು ಮುದ್ರಣಾಲಯದಲ್ಲಿ ಯಂತ್ರ ನಡೆಸುವವನು. ಎಷ್ಟು ತಿಕ್ಕಿದರೂ ಹೋಗದ ಮಸಿ ಉಗುರಿನ ಸಂದಿಯಲ್ಲಿತ್ತು. ಅವನು ನಗಲಿಲ್ಲ. ಒಳಕೋಣೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಇನ್‌ಸ್ಪೆಕ್ಟರೂ ನಗಲಿಲ್ಲ.

"ಒಳಗೆ ಬನ್ನಿ," ಎಂದ. "ಏನೇನು ನೆನಪಿದೆ, ಹೇಳಿ."

"ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟ್ಕೊಂಡಿತ್ತು. ಎದೆ ಡವಡವ. ಮೈಯೆಲ್ಲ ಕಾದ ಕಬ್ಬಿಣ. ಗೋಡೆ ಮೇಲೆ ಅಕ್ಷರಗಳು ಸಾಲಾಗಿ ಹೋಗ್ತಿದ್ವು, ಇರುವೆ ಹೋದ ಹಾಗೆ. ಗಾಳಿಯಲ್ಲಿ ದಾರ ಇದೆ ಅಂತ ಬೆರಳಲ್ಲಿ ಎಳೀತಾನೇ ಇದ್ದೆ. ಆಮೇಲೆ…" ಅವನು ತಡೆದ. "ಆಮೇಲೆ ನನ್ನ ಅಕ್ಕ ಬಂದು ಮಂಚದ ಹತ್ರ ಕೂತ್ಳು. ಅವಳು ತೀರಿಹೋಗಿ ಹತ್ತು ವರ್ಷ ಆಯ್ತು. ಇಡೀ ದಿನ ಅವಳ ಜೊತೆ ಮಾತಾಡಿದೀನಿ, ಏನು ಮಾತಾಡ್ದೆ ಅನ್ನೋದು ಒಂದಕ್ಷರ ನೆನಪಿಲ್ಲ. ಆದ್ರೆ ಅವಳು ಉತ್ತರ ಕೊಡ್ತಿದ್ಳು, ಸಾರ್. ಕನಸಲ್ಲಿ ಹಾಗೆ ಕೇಳಿದ್ದಕ್ಕೆ ಸರಿಯಾದ ಉತ್ತರ ಬರಲ್ಲ."

ಏನೂ ಕಳುವಾಗಿಲ್ಲ, ಗಾಯವಿಲ್ಲ. ಎಫ್‌ಐಆರ್ ಹಾಕುವಂಥ ಕಲಮು ಯಾವುದೂ ಹೊಂದಲಿಲ್ಲ. ಠಾಣೆಯ ದಿನಚರಿಯಲ್ಲಿ ನಾಲ್ಕು ಸಾಲು ಬರೆಸಿ, ಹನ್ನೊಂದು ಗಂಟೆಗೆ ಇನ್‌ಸ್ಪೆಕ್ಟರ್ ಮಹಿಳಾ ಪೇದೆಯೊಂದಿಗೆ ಸ್ಥಳ ನೋಡಲು ಹೊರಟ.

ಅದು ರಾತ್ರಿ ಪಾಳಿಯವರಿಗೆಂದೇ ಬಾಡಿಗೆಗೆ ಕೊಟ್ಟ ಎರಡಂತಸ್ತಿನ ಮನೆ. ಮೇಲೆ ನಾಲ್ಕು ಕೋಣೆ, ಕೆಳಗೆ ಮನೆಯಾಕೆ ಒಬ್ಬಳೇ. ಊರೆಲ್ಲ ಎಚ್ಚರಾಗಿರುವ ಹೊತ್ತಿನಲ್ಲಿ ಆ ಮನೆಯ ಬಾಡಿಗೆದಾರರು ಮಲಗಿರುತ್ತಿದ್ದರು. ಬೆಳಿಗ್ಗೆ ಒಬ್ಬೊಬ್ಬರೂ ಒಂದೊಂದು ಹೊತ್ತಿಗೆ ಬಂದು, ಬಾಗಿಲ ಬಳಿ ಆಕೆ ಇಟ್ಟಿರುತ್ತಿದ್ದ ಚಹಾದ ಫ್ಲಾಸ್ಕ್ ಎತ್ತಿಕೊಂಡು ಒಳಗೆ ಸೇರಿದರೆ ಸಂಜೆಯವರೆಗೆ ಸದ್ದಿಲ್ಲ. ಮೆಟ್ಟಿಲ ಮೇಲೆ ಮೆಲ್ಲಗೆ ನಡೆಯಿರಿ ಎಂಬ ಚೀಟಿ ಗೋಡೆಗಿತ್ತು.

ಯಂತ್ರದವನ ಕೋಣೆಯಲ್ಲಿ ಎರಡು ಸಂಗತಿ ಕಂಡವು. ಕಿಟಕಿಯ ಪರದೆಯನ್ನು ಎರಡು ಪದರ ಮಾಡಿ, ಅಂಚಿಗೆ ಪಿನ್ನು ಚುಚ್ಚಿ ಮುಚ್ಚಲಾಗಿತ್ತು. ಬಲ್ಬಿಗೆ ಹಸಿರು ಬಟ್ಟೆಯ ತುಂಡು ಸುತ್ತಿತ್ತು. ಎರಡೂ ತನ್ನ ಕೆಲಸವಲ್ಲ ಎಂದು ಅವನು ಆಣೆ ಮಾಡಿದ. ಒಳಗೆ ಬಂದವನು ಹೊರಗಿನವರಿಗೆ ಕಾಣದಿರಲೆಂದು ಮಾಡಿದ್ದು ಎಂದು ಇನ್‌ಸ್ಪೆಕ್ಟರ್ ಬರೆದುಕೊಂಡ. ಬರೆಯುವಾಗ ಪುಸ್ತಕವನ್ನು ತೋಳಿನಷ್ಟು ದೂರ ಹಿಡಿದಿದ್ದ.

"ಇನ್ನೊಂದು ವರ್ಷ ಹೋದ್ರೆ ಪುಸ್ತಕ ಹಿಡ್ಕೊಳ್ಳೋಕೆ ನಾನು ಎದುರುಮನೆಗೆ ಹೋಗ್ಬೇಕು, ಸಾರ್. ಕಣ್ಣು ತೋರಿಸ್ಕೊಳ್ಳಿ," ಎಂದಳು ಪೇದೆ.

ಕೆಳಗೆ ಮನೆಯಾಕೆ ಚಹಾ ಕೊಟ್ಟಳು. ಅರವತ್ತೈದು ದಾಟಿದ, ಬಿಳಿ ಕೂದಲನ್ನು ಬಿಗಿಯಾಗಿ ಕಟ್ಟಿದ ಹೆಂಗಸು. ಇನ್‌ಸ್ಪೆಕ್ಟರ್ ಮೂರು ಪ್ರಶ್ನೆ ಕೇಳಿದ. ಆಕೆ ಮೂರಕ್ಕೂ ಉತ್ತರಿಸಿ, "ನೀವು ಊಟ ಎಲ್ಲಿ ಮಾಡ್ತೀರಿ?" ಎಂದು ಕೇಳಿದಳು. ಅವನು ಬೆಪ್ಪಾದ. ಶಾಲೆಯಲ್ಲಿ ಪಾಠ ಹೇಳುವ ಹೆಂಡತಿಗೆ ಬೇರೆ ಊರಿಗೆ ವರ್ಗವಾಗಿ ಎಂಟು ತಿಂಗಳಾಗಿತ್ತು. ಪ್ರಶ್ನೆ ಕೇಳುವುದೇ ಅವನ ಹೊಟ್ಟೆಪಾಡು. ಆದರೆ ಈ ಎಂಟು ತಿಂಗಳಲ್ಲಿ ಅವನನ್ನು ಯಾರೂ ಏನೂ ಕೇಳಿರಲಿಲ್ಲ. ಮೊದಲ ಲೋಟದಲ್ಲಿ ಹೆಂಡತಿಯ ವರ್ಗಾವಣೆಯ ಕತೆ ಹೇಳಿದ. ಎರಡನೆಯದರಲ್ಲಿ, ಪೊಲೀಸ್ ವಸತಿಗೃಹದಲ್ಲಿ ಒಬ್ಬನೇ ರೇಡಿಯೋ ಹಾಕಿಕೊಂಡು ಉಣ್ಣುವುದನ್ನೂ, ರೇಡಿಯೋದವನಿಗೆ ಒಮ್ಮೆ ಗಟ್ಟಿಯಾಗಿ ಉತ್ತರ ಕೊಟ್ಟುಬಿಟ್ಟಿದ್ದನ್ನೂ ಹೇಳಿದ. ಪೇದೆ ಹೊರಗಿನಿಂದ ಎರಡು ಸಲ ಕೆಮ್ಮಿದಳು. ಗಡಿಯಾರ ನೋಡಿದರೆ ಒಂದು ಗಂಟೆ ಕಳೆದಿತ್ತು.

ಜೀಪಿನಲ್ಲಿ ಪೇದೆ ಕೇಳಿದಳು. "ಸಾರ್, ಅವನು ಕುಡ್ದಿದ್ದು ಚಹಾ. ಕೊಟ್ಟೋರು ಅವರು. ಅಲ್ವಾ?"

"ಎರಡು ಲೋಟ ನಾನೇ ಕುಡ್ದೆ. ನನಗೇನಾಯ್ತು?"

"ಏನೂ ಆಗ್ಲಿಲ್ಲ. ಬಾಯಿ ಮಾತ್ರ ಬಿಚ್ಕೊಳ್ತು," ಎಂದು ಆಕೆ ಕಿಟಕಿಯಾಚೆ ನೋಡಿದಳು.

ಮಾರ್ಚ್ ಇಪ್ಪತ್ತು, ಶುಕ್ರವಾರ, ಮಧ್ಯಾಹ್ನ ಹನ್ನೆರಡೂವರೆಗೆ ಸರ್ಕಾರಿ ಆಸ್ಪತ್ರೆಯಿಂದ ಫೋನು ಬಂತು. ಅದೇ ಮನೆಯ ನಾಲ್ಕನೇ ಕೋಣೆಯ ಬಾಡಿಗೆದಾರ, ರಾತ್ರಿಯಿಡೀ ಬ್ರೆಡ್ಡು ಸುಡುವ ಬೇಕರಿಯವನು, ಎಚ್ಚರ ತಪ್ಪಿದ ಸ್ಥಿತಿಯಲ್ಲಿದ್ದ. ಆಂಬುಲೆನ್ಸಿಗೆ ಫೋನ್ ಮಾಡಿದ್ದು ಮನೆಯಾಕೆಯೇ.

ವಾರ್ಡಿನಲ್ಲಿ ಅವನ ಕೈಗಳು ಗಾಳಿಯಲ್ಲಿ ಇಲ್ಲದ ಹಿಟ್ಟನ್ನು ನಾದುತ್ತಿದ್ದವು. ಮುಖ ಕೆಂಪು, ಚರ್ಮ ಬೆವರಿಲ್ಲದೆ ಸುಡುತ್ತಿತ್ತು. ಡಾಕ್ಟರು ಅವನ ರೆಪ್ಪೆ ಎತ್ತಿ ತೋರಿಸಿದರು. ಕಣ್ಣಿನ ಪಾಪೆ ಹಿಗ್ಗಿ ಕಪ್ಪು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

"ದತ್ತೂರ, ಇಲ್ಲಾ ಅದರ ಜಾತಿಯ ಯಾವುದೋ ಗಿಡ," ಎಂದರು. "ಬೆವರು, ಎಂಜಲು, ಮೂತ್ರ ಎಲ್ಲ ಕಟ್ಕೊಳ್ಳುತ್ತೆ. ಜ್ವರ ಏರುತ್ತೆ. ಎದುರಿಗೆ ಇಲ್ಲದೋರನ್ನ ಮನಸ್ಸು ತಂದು ಕೂರಿಸುತ್ತೆ. ಇವನ ಎದೆ ಮೊದಲೇ ದುರ್ಬಲ."

"ಬದುಕ್ತಾನಾ?"

"ಇವತ್ತು ಹೇಳೋಕಾಗಲ್ಲ. ಯಾವ ಗಿಡ, ಎಷ್ಟು ಹೊಟ್ಟೆಗೆ ಹೋಗಿದೆ ಅಂತ ಗೊತ್ತಾದ್ರೆ ನನಗೆ ಅನುಕೂಲ. ಲ್ಯಾಬಿನ ವರದಿ ಬರೋಕೆ ವಾರ ಬೇಕು."

ಇನ್‌ಸ್ಪೆಕ್ಟರ್ ಮನಸ್ಸಿನಲ್ಲೇ ತಾರೀಖು ಎಣಿಸಿದ. ಒಂಬತ್ತು ದಿನದ ಹಿಂದೆ ಫ್ಲಾಸ್ಕುಗಳನ್ನು ವಶಕ್ಕೆ ಪಡೆದಿದ್ದರೆ ಈ ಮನುಷ್ಯ ಈಗ ತನ್ನ ಹಾಸಿಗೆಯಲ್ಲಿ ಗೊರಕೆ ಹೊಡೆಯುತ್ತಿದ್ದ. ಎರಡು ಗಂಟೆಗೆ ವಿಷ ಉಣಿಸಿದ ಕಲಮಿನಡಿ ಎಫ್‌ಐಆರ್ ದಾಖಲಾಯಿತು. ಅಜ್ಞಾತ ಆರೋಪಿ. ಮೂರು ಗಂಟೆಗೆ ಇಬ್ಬರು ಪಂಚರ ಮುಂದೆ ಬೇಕರಿಯವನ ಕೋಣೆಯ ಪಂಚನಾಮೆ ನಡೆಯಿತು. ಪರದೆ ಎರಡು ಪದರ, ಪಿನ್ನು ಎರಡು, ಬಲ್ಬಿಗೆ ಹಸಿರು ಬಟ್ಟೆ, ತಟ್ಟೆಯಲ್ಲಿ ಒದ್ದೆ ಹತ್ತಿ. ಫ್ಲಾಸ್ಕುಗಳನ್ನು ಆಗಲೇ ತೊಳೆದು ಬೋರಲು ಹಾಕಲಾಗಿತ್ತು, ಲ್ಯಾಬಿಗೆ ಕಳಿಸಲು ಒಂದು ಹನಿ ಚಹಾ ಉಳಿದಿರಲಿಲ್ಲ. ಮನೆಯಾಕೆ ಚಹಾ ಬೇಕೇ ಎಂದು ಕೇಳಿದಳು. ಇನ್‌ಸ್ಪೆಕ್ಟರ್ ಬೇಡವೆಂದ. ಆಕೆಯ ಮುಖ ಸಪ್ಪಗಾಯಿತು, ಅದು ಅವನಿಗೆ ಕಂಡಿತು.

ಮರುದಿನ, ಶನಿವಾರ ಬೆಳಿಗ್ಗೆ ಹತ್ತಕ್ಕೆ, ಹೇಳಿಕೆ ಪಡೆಯಲು ಮತ್ತೆ ಆಸ್ಪತ್ರೆಗೆ ಹೋದರು. ಬೇಕರಿಯವನ ಜ್ವರ ಇಳಿದಿರಲಿಲ್ಲ. ಮಧ್ಯಾಹ್ನದವರೆಗೆ ಮಾತಾಡಿಸುವ ಹಾಗಿಲ್ಲ ಎಂದರು. ಡಾಕ್ಟರು ಕೊಟ್ಟ ಕೇಸಿನ ಹಾಳೆಯನ್ನು ಇನ್‌ಸ್ಪೆಕ್ಟರ್ ಹತ್ತಿರ ತಂದ, ದೂರ ಒಯ್ದ, ಕೊನೆಗೆ ಪೇದೆಯ ಕೈಗಿತ್ತ.

"ಕಣ್ಣಿನ ವಿಭಾಗ ಎದುರಿಗೇ ಇದೆ, ಸಾರ್. ಸುಮ್ನೆ ಕೂರೋ ಬದಲು ಹೋಗಿ ಬನ್ನಿ. ಏನಾದ್ರೂ ಆದ್ರೆ ಕರೀತೀನಿ."

ಅವನನ್ನು ಹನಿ ಹಾಕುವ ಕೋಣೆಯಲ್ಲಿ ಕೂರಿಸಿದರು. ಅಲ್ಲಿನ ಸಹಾಯಕಿ ಎರಡೂ ಕಣ್ಣಿಗೆ ಹನಿ ಬಿಟ್ಟು, ಅರ್ಧ ಗಂಟೆ ಮುಚ್ಚಿಕೊಂಡಿರಿ ಎಂದಳು. ಅರ್ಧ ಗಂಟೆ ಕಳೆದು ಕಣ್ಣು ಬಿಟ್ಟಾಗ ಪರದೆಯ ಸಂದಿಯ ಬಿಸಿಲು ಸೂಜಿಯಂತೆ ಚುಚ್ಚಿತು. ಅವನು ಅಯ್ಯೋ ಎಂದ.

"ತಡೀರಿ ತಡೀರಿ," ಎಂದು ಸಹಾಯಕಿ ಓಡಿಬಂದಳು. ಪರದೆಯನ್ನು ಎರಡು ಪದರ ಮಾಡಿ ಪಿನ್ನು ಹಾಕಿದಳು. "ಪಾಪೆ ಅಗಲ ಆದಾಗ ಬೆಳಕು ತಡಿಯೋಕಾಗಲ್ಲ."

ಇನ್‌ಸ್ಪೆಕ್ಟರ್ ತಲೆ ಎತ್ತಿದ. ಮೇಲಿನ ಬಲ್ಬು ಮಸುಕು ಮಸುಕಾಗಿ ಹಸಿರಾಗಿ ಕಂಡಿತು.

"ಬಲ್ಬಿಗೆ ಏನು ಸುತ್ತಿದೀರಿ?"

"ಆಪರೇಷನ್ ಕೋಣೆಯ ಹಳೇ ಬಟ್ಟೆ. ಹನಿ ಅಕ್ಕ ಮಾಡಿದ ಪದ್ಧತಿ. ಪರದೆಗೆ ಪಿನ್ನು ಹಾಕೋದನ್ನೂ ಅವರೇ ಹೇಳ್ಕೊಟ್ಟಿದ್ದು. ಬೇರೆ ಯಾವ ಆಸ್ಪತ್ರೆಯಲ್ಲೂ ಇಲ್ಲ."

"ಹನಿ ಅಕ್ಕ ಅಂದ್ರೆ?"

"ಮೂವತ್ತೊಂದು ವರ್ಷ ಇದೇ ಕೋಣೇಲಿ ಹನಿ ಹಾಕಿದೋರು. ನಿವೃತ್ತಿ ಆಗಿ ಆರು ವರ್ಷ ಆಯ್ತು. ಈಗ ರಾತ್ರಿ ಪಾಳಿಯೋರಿಗೆ ಬಾಡಿಗೆಗೆ ಮನೆ ಕೊಟ್ಟಿದಾರಂತೆ."

ಪರದೆ ಹೊರಗಿನವರಿಗಾಗಿ ಮುಚ್ಚಿದ್ದಲ್ಲ. ಒಳಗಿದ್ದವನ ಕಣ್ಣಿಗೆ ನೋವಾಗಬಾರದೆಂದು ಮುಚ್ಚಿದ್ದು. ಒದ್ದೆ ಹತ್ತಿ ಒಣಗಿದ ತುಟಿಗೆ. ವಿಷ ಕೊಟ್ಟ ಕೈಯೇ ದಿನವಿಡೀ ಆರೈಕೆಯನ್ನೂ ಮಾಡಿತ್ತು. ಇನ್‌ಸ್ಪೆಕ್ಟರಿಗೆ ಎಲ್ಲ ಸ್ಪಷ್ಟವಾಯಿತು, ಎದುರಿನ ಗೋಡೆ ಮಾತ್ರ ಕಾಣುತ್ತಿರಲಿಲ್ಲ.

ಕಪ್ಪು ಕನ್ನಡಕ ಹಾಕಿಕೊಂಡು, ಪೇದೆಯ ಭುಜ ಹಿಡಿದು, ಅವನು ಜೀಪು ಹತ್ತಿದ. ಹನ್ನೊಂದು ಐವತ್ತಕ್ಕೆ ಆ ಮನೆಯ ಬಾಗಿಲು ತಟ್ಟಿದರು. ಬಾಗಿಲು ತೆರೆದಾಗ ಕಂಡದ್ದು ಬಿಳಿ ಕೂದಲಿನ ಒಂದು ಮಸುಕು ಆಕಾರ ಅಷ್ಟೇ. ಅದು ಯಾರು ಬೇಕಾದರೂ ಆಗಬಹುದಿತ್ತು.

"ಅಯ್ಯೋ, ಹನಿ ಹಾಕಿಸ್ಕೊಂಡು ಈ ಬಿಸಿಲಲ್ಲಿ ಯಾಕೆ ಬಂದ್ರಿ?" ಎಂದಿತು ಧ್ವನಿ. ಆಕೆ ಅವನ ಮೊಣಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿದಳು. ಡಬ್ಬಿಯ ಮುಚ್ಚಳ ತೆಗೆದ ಸದ್ದು. ಪರದೆಯ ಬಳೆಗಳು ಸರಿದವು. ಕೋಣೆ ಕತ್ತಲಾಯಿತು.

"ಎರಡು ಪದರ, ಸಾರ್," ಎಂದಳು ಪೇದೆ ಮೆಲ್ಲಗೆ. "ಪಿನ್ನು ಎರಡು."

ಮನೆಯಾಕೆ ತನ್ನ ಕೈ ತಾನೇ ನೋಡಿಕೊಂಡಳು.

"ಹನಿ ಅಕ್ಕಾ," ಎಂದ ಇನ್‌ಸ್ಪೆಕ್ಟರ್.

"ಓ," ಎಂದಳು ಆಕೆ, ಮೂವತ್ತೊಂದು ವರ್ಷದ ರೂಢಿಯಂತೆ. ಆಮೇಲೆ ಅವನ ಎದುರಿಗೆ ನೆಲದ ಮೇಲೆ ಕೂತಳು.

"ಮೊದಲು ಅವನ ಜೀವ. ಯಾವ ಗಿಡ? ಎಷ್ಟು ಕೊಟ್ರಿ?"

ಆಕೆ ಹಿತ್ತಲಿನ ನೀರಿನ ತೊಟ್ಟಿಯ ಕಡೆ ಕೈ ತೋರಿಸಿ, ಒಂದನ್ನೂ ಮುಚ್ಚಿಡದೆ ಹೇಳಿದಳು. ಉದ್ದ ಬಿಳಿ ಹೂವಿನ ದತ್ತೂರ. ಪೇದೆ ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿ ತಿಳಿಸಿದಳು.

"ಅವನಿಗೆ ಎದೆ ತೊಂದರೆ ಇದೆ ಅಂತ ಗೊತ್ತಿರ್ಲಿಲ್ಲ," ಎಂದಳು ಮನೆಯಾಕೆ. "ಯಾರು ಹೇಳ್ತಾರೆ ನನಗೆ?"

"ಯಾಕೆ ಮಾಡಿದ್ರಿ?"

"ಹನಿ ಹಾಕಿಸ್ಕೊಂಡೋರಿಗೆ ಮುಖ ಕಾಣಲ್ಲ. ಒಂದ್ಸಲ ಒಬ್ರು ಮುದುಕರಿಗೆ ಹನಿ ತಲೆಗೇರಿತು, ಅಪರೂಪಕ್ಕೆ ಹಾಗಾಗುತ್ತೆ. ಮಧ್ಯಾಹ್ನವೆಲ್ಲ ನನ್ನ ಕೈ ಹಿಡ್ಕೊಂಡು ಮಗಳೇ ಅಂತ ಮಾತಾಡಿದ್ರು. ನಾನೂ ಅಪ್ಪಾ ಅಂದೆ. ಆ ಹನಿಯ ಔಷಧಿ ಈ ಗಿಡದಲ್ಲೂ ಇದೆ ಅಂತ ದೊಡ್ಡ ಡಾಕ್ಟರು ಹಿಂದೆ ಹೇಳಿದ್ರು." ಆಕೆ ಉಸಿರೆಳೆದುಕೊಂಡಳು. "ಇಲ್ಲಿ ನಾಲ್ಕು ಜನ ಇದಾರೆ. ಬರ್ತಾರೆ, ಫ್ಲಾಸ್ಕ್ ಎತ್ಕೊಳ್ತಾರೆ, ಮಲಗ್ತಾರೆ. ಆರು ವರ್ಷದಲ್ಲಿ ನನ್ನ ಧ್ವನಿ ನನಗೇ ಮರೆತುಹೋಗಿತ್ತು. ಆವತ್ತು ಅವನು ಅಕ್ಕಾ ಅಂದ. ನಾನು ಏನಪ್ಪಾ ಅಂದೆ. ಸಂಜೆವರೆಗೆ ಮಾತಾಡಿದ್ವಿ."

ಕೇಳಬಾರದೆನಿಸಿದರೂ ಇನ್‌ಸ್ಪೆಕ್ಟರ್ ಕೇಳಿದ. "ನನ್ನ ಚಹಾಗೆ ಯಾಕೆ ಹಾಕ್ಲಿಲ್ಲ?"

"ನಿಮಗ್ಯಾಕೆ? ನೀವು ಹಾಗೇ ಮಾತಾಡಿದ್ರಲ್ಲ."

ಕಪ್ಪು ಕನ್ನಡಕ ಇದ್ದದ್ದು ಒಳ್ಳೆಯದಾಯಿತು. ಅವನು ಗಿಡವನ್ನೂ ಫ್ಲಾಸ್ಕುಗಳನ್ನೂ ವಶಕ್ಕೆ ಪಡೆಯಲು ಹೇಳಿದ. ಹನ್ನೆರಡೂ ನಲವತ್ತಕ್ಕೆ ದಸ್ತಗಿರಿ. ಅವನಿಗೆ ಅಕ್ಷರ ಕಾಣದ ಕಾರಣ ಪೇದೆ ನಮೂನೆಯನ್ನು ಗಟ್ಟಿಯಾಗಿ ಓದುತ್ತ ತುಂಬಿದಳು. ವಯಸ್ಸು, ಅರವತ್ತಾರು. ವೃತ್ತಿ, ನಿವೃತ್ತ ಸಹಾಯಕಿ. ದಸ್ತಗಿರಿಯ ವಿಷಯ ಯಾರಿಗೆ ತಿಳಿಸಬೇಕು?

ಮನೆಯಾಕೆ ಯೋಚಿಸಿದಳು. ಪೇದೆ ಪೆನ್ನು ಹಿಡಿದು ಕಾದಳು. "ಬಂಧುಗಳು, ಸ್ನೇಹಿತರು, ಯಾರಾದ್ರೂ."

"ನಿಮಗೆ ಗೊತ್ತಾಯ್ತಲ್ಲಮ್ಮ. ಸಾಕು."

ಆಗ ಮೆಟ್ಟಿಲ ಮೇಲೆ ಯಾರೋ ಕೂತ ಸದ್ದಾಯಿತು. ಯಂತ್ರದವನು. ಮಾತಿಗೆ ಎಚ್ಚರಾಗಿ ಇಳಿದು ಬಂದವನು ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದನೋ. ಬೈಯುತ್ತಾನೆ ಎಂದುಕೊಂಡರು ಎಲ್ಲರೂ. ಅವನು ಬೈಯಲಿಲ್ಲ.

"ಆವತ್ತು ನಾನು ಅಕ್ಕನ ಹತ್ರ ಏನೇನು ಹೇಳ್ದೆ?"

"ಎಲ್ಲ ನೆನಪಿದೆ," ಎಂದಳು ಮನೆಯಾಕೆ. "ಆಸ್ಪತ್ರೆಗೆ ಬರೋಕೆ ತಡ ಮಾಡ್ದೆ, ಕ್ಷಮಿಸು ಅಂದೆ. ನಾಲ್ಕೈದು ಸಲ ಅಂದೆ."

"ಅಕ್ಕ… ನೀವು ಏನಂದ್ರಿ?"

"ಬಸ್ಸು ಸಿಗದಿದ್ರೆ ನೀನೇನು ಮಾಡ್ತೀಯೋ, ನೀರು ಕುಡಿ ಅಂದೆ."

ಅವನು ಮಸಿಯ ಬೆರಳುಗಳಿಂದ ಮುಖ ಮುಚ್ಚಿಕೊಂಡ. ಇನ್‌ಸ್ಪೆಕ್ಟರಿಗೆ ಅದು ಕಾಣಲಿಲ್ಲ, ಕೇಳಿಸಿತು. ಆಸ್ಪತ್ರೆಯಿಂದ ಫೋನು ಬಂದದ್ದೂ ಆಗಲೇ. ಬೇಕರಿಯವನ ಜ್ವರ ಇಳಿಯತೊಡಗಿತ್ತು, ತನ್ನ ಹೆಸರು ತಾನೇ ಹೇಳಿದ್ದ. ಮನೆಯಾಕೆ ಕೈ ಮುಗಿದಳು, ಯಾರಿಗೆಂದು ತಿಳಿಯದೆ.

"ಆ ಖಾನೆಯಲ್ಲಿ ನನ್ನ ಹೆಸರು ಬರ್ಕೊಳ್ಳಿ," ಎಂದ ಯಂತ್ರದವನು.

"ಮೊದಲು ದೂರು ಕೊಟ್ಟೋರೇ ನೀವು. ಇವರ ವಿರುದ್ಧ ಸಾಕ್ಷಿ ಹೇಳಬೇಕಾದೋರು," ಎಂದ ಇನ್‌ಸ್ಪೆಕ್ಟರ್.

"ಹೇಳ್ತೀನಿ. ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಆ ಖಾನೆ ಖಾಲಿ ಬಿಡ್ಬೇಡಿ."

ಪೇದೆ ಇನ್‌ಸ್ಪೆಕ್ಟರನ ಕಡೆ ನೋಡಿದಳು. ಅವನು ಬರೆಯುವಂತೆ ತಲೆಯಾಡಿಸಿ, ಆಕೆಯ ಬೆರಳು ತೋರಿಸಿದ ಕಡೆ ಸಹಿ ಹಾಕಿದ.