ಕಪ್ಪು ಮೀಸೆಯ ದೋಣಿ

ಅಪ್ಪ ತೀರಿಕೊಂಡು ನಲವತ್ತು ದಿನವಾದ ಮೇಲೆ ನಾನು ಕೆಲಸಕ್ಕೆ ಮರಳಿದೆ. ಬಸ್ಸಿನ ತುಂಬ ಪ್ರವಾಸಿಗರು. ಬೆಳಗ್ಗೆ ಅವರಿಗೆ ದೈತ್ಯೆ ಕಟ್ಟಿದಳೆನ್ನುವ ಕಲ್ಲುಗುಡಿಗಳನ್ನು ತೋರಿಸಿ, ಹತ್ತೂವರೆಗೆ ದ್ವೇಯ್ರಾ ದಂಡೆಗೆ ಇಳಿಸಿದೆ. ನಮ್ಮ ಗೋಜೋ ದ್ವೀಪಕ್ಕೆ ಬಂದವರು ಯಾರೂ ದ್ವೇಯ್ರಾ ನೋಡದೆ ಹೋಗುವುದಿಲ್ಲ. ತಪ್ಪಿಸುವ ಹಾಗಿದ್ದರೆ ನಾನು ತಪ್ಪಿಸುತ್ತಿದ್ದೆ, ಏಕೆಂದರೆ ಅಲ್ಲಿ ವಿಸ್ತಿನ್ ಇದ್ದ.

ವಿಸ್ತಿನ್ ದೋಣಿಯವನು. ಬಂಡೆಯೊಳಗಿನ ಸುರಂಗದಿಂದ ಜನರನ್ನು ಹೊರಗಡಲಿಗೆ ಒಯ್ಯುತ್ತಾನೆ. ಜನ ನೋಡಲು ಬರುತ್ತಿದ್ದ ಅಲ್ಲಿನ ದೊಡ್ಡ ಕಲ್ಲಿನ ಕಮಾನು ಬಿರುಗಾಳಿಗೆ ಸಮುದ್ರಕ್ಕೆ ಕುಸಿದಾಗಿನಿಂದ, ಅಂದರೆ ಏಳು ವರ್ಷದಿಂದ, ನಮ್ಮಿಬ್ಬರದು ಎಣ್ಣೆ ಸೀಗೆಕಾಯಿ. "ಇಲ್ಲೊಂದು ಕಮಾನಿತ್ತು, ಈಗ ಇಲ್ಲ" ಎಂದು ನಾನು ಜನಕ್ಕೆ ಇದ್ದದ್ದನ್ನು ಹೇಳಿದರೆ, ಅವನು ದೋಣಿಯಿಂದಲೇ ಕೂಗುತ್ತಾನೆ.

"ಎಲ್ಲೂ ಹೋಗಿಲ್ಲ ಸ್ವಾಮಿ, ನೀರೊಳಗೆ ಮಲಗಿದೆ! ಬನ್ನಿ, ತೋರಿಸ್ತೀನಿ. ಈ ಮೇಡಮ್ ಮಾತು ಕೇಳಿದ್ರೆ ಅತ್ಕೊಂಡು ಮನೆಗೆ ಹೋಗ್ತೀರ!"

ದೋಣಿ ಹತ್ತುವ ಎಲ್ಲರಿಗೂ ಕೈ ಕೊಡುತ್ತಾನೆ, ನನಗೆ ಕೊಡುವುದಿಲ್ಲ. ನಾನೂ ಕೇಳುವುದಿಲ್ಲ, ನೆಗೆದು ಹತ್ತುತ್ತೇನೆ. ಆಗ ಅವನು ಓರೆಗಣ್ಣಲ್ಲಿ ನನ್ನ ಕಾಲನ್ನೇ ನೋಡುತ್ತಿರುತ್ತಾನೆ. ಜಾರಿ ಬೀಳಲಿ ಅಂತ ಕಾಯುತ್ತಾನೆಂದೇ ನಾನು ತಿಳಿದಿದ್ದೆ.

ಅವತ್ತು ದಂಡೆಗೆ ಬಂದವಳೇ ಅವನ ದೋಣಿ ನೋಡಿ ನಿಂತುಬಿಟ್ಟೆ.

ನಮ್ಮ ದೋಣಿಗಳ ಮೂತಿಗೆ ಎರಡು ಕಣ್ಣು ಬರೆದಿರುತ್ತದೆ, ಜೊತೆಗೆ ಮೀಸೆಯಂಥ ಅಗಲ ಪಟ್ಟಿ. ಮನೆಯಲ್ಲಿ ಸಾವಾದರೆ ಆ ಮೀಸೆಗೆ ಕಪ್ಪು ಬಳಿಯುತ್ತಾರೆ, ಒಂದು ವರ್ಷ ಹಾಗೇ ಬಿಡುತ್ತಾರೆ. ಬಳಿಯುವವರು ಮನೆಯವರು ಮಾತ್ರ, ಮಗ ಇಲ್ಲವೇ ಅಳಿಯ. ವಿಸ್ತಿನ್‌ನ ಹಳದಿ ಮೀಸೆ ಕಪ್ಪಾಗಿತ್ತು.

"ನಿಮ್ಮನೇಲಿ ಯಾರು ಸತ್ರು?" ಎಂದೆ.

"ಯಾರೂ ಇಲ್ಲ."

"ಮತ್ತೆ ಇದೇನು?"

"ನಿಮ್ಮಪ್ಪನಿಗೆ."

ಹರಟುತ್ತಿದ್ದ ಉಳಿದ ದೋಣಿಯವರೆಲ್ಲ ನಮ್ಮತ್ತ ತಿರುಗಿದರು. ನನ್ನ ಮೈಯೆಲ್ಲ ಉರಿಯಿತು.

"ನಮ್ಮಪ್ಪ ನಿಂಗೇನಾಗ್ಬೇಕು?"

"ದಿನಾ ದಂಡೆ ಮೇಲೆ ಕೂತು ನನ್ನ ಬೈತಿದ್ದ. ಬಣ್ಣ ಬಳಿಯೋಕೂ ಬರಲ್ಲ ಕತ್ತೆಗೆ ಅಂತ."

"ಸರಿಯಾಗೇ ಬೈತಿದ್ದ! ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗತ್ತೆ. ಚರ್ಚ್ ಬಾಗಿಲಲ್ಲೇ ಮದ್ವೆ ಯಾವಾಗ ಅಂತ ಕೇಳ್ತಾರೆ. ನನ್ನ ಒಂದ್ಮಾತು ಕೇಳಿದ್ಯಾ?"

"ಕೇಳಿದ್ರೆ ನೀನು ಬೈತಿದ್ದೆ."

"ಈಗೇನು ಮುದ್ದು ಮಾಡ್ತಿದ್ದೀನಾ?"

ಅವನು ಕೈಯಲ್ಲಿದ್ದ ಹಗ್ಗ ಕೆಳಗಿಟ್ಟ. "ಅರವತ್ತು ವರ್ಷ ಕಡಲಲ್ಲಿದ್ದ ಮನುಷ್ಯ. ಕಾಲು ಹೋಯ್ತು ಅಂತ ದೋಣಿ ಮಾರ್ದ. ಗಂಡುಮಕ್ಳಿಲ್ಲ. ಅವನಿಗೆ ಅಂತ ಕಪ್ಪು ಹಾಕೋಕೆ ಈ ದಂಡೇಲಿ ಒಂದು ದೋಣೀನೂ ಇರ್ಲಿಲ್ಲ, ಜುಡಿಟ್ಟಾ. ನಂಗೆ ನೋಡೋಕಾಗ್ಲಿಲ್ಲ."

ಏಳು ವರ್ಷದಲ್ಲಿ ಅವನು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ನನಗೆ ಅಳು ಬಂತು. ಅಳು ಬಂದದ್ದಕ್ಕೆ ಇನ್ನೂ ಸಿಟ್ಟು ಬಂತು.

"ಅಪ್ಪನಿಗೆ ಹಾಕ್ದೆ, ಸರಿ. ನನ್ನ ಗತಿ?"

"ಬರೀ ಅಪ್ಪನಿಗೇ ಆಗಿದ್ರೆ ಗೋರಿ ಮೇಲೆ ಹೂವಿಟ್ಟು ಬರ್ತಿದ್ದೆ." ಅವನ ಕಿವಿ ಕೆಂಪಾಗಿತ್ತು. "ಏಳು ವರ್ಷದಿಂದ ಹೇಳ್ಬೇಕು ಅಂತಿದ್ದೆ. ನಿನ್ನ ಬಾಯಿಗೆ ಹೆದರ್ಕೊಂಡು ಕಾಲ್ ಕೆರೆದು ಜಗಳ ಆಡ್ತಿದ್ದೆ."

ದೋಣಿಯೊಳಗಿಂದ ಹಳದಿ ಬಣ್ಣದ ಡಬ್ಬಿ, ಬ್ರಷ್ಷು ತಂದು ನನ್ನ ಮುಂದಿಟ್ಟ.

"ಬೇಡ ಅಂದ್ರೆ ನೀನೇ ಬಳಿದುಬಿಡು. ಎಲ್ರೂ ನೋಡ್ಲಿ, ಊರ ಬಾಯೂ ಮುಚ್ಚತ್ತೆ. ಆಮೇಲೆ ನಿನ್ನ ತಂಟೆಗೆ ಬರಲ್ಲ."

ನಾನು ಬ್ರಷ್ಷು ತೆಗೆದುಕೊಂಡೆ. ಪ್ರವಾಸಿಗರು ಇದೇನೋ ನಮ್ಮೂರ ಶಾಸ್ತ್ರವೆಂದು ಫೋಟೋ ಹೊಡೆಯುತ್ತಿದ್ದರು. ಬಗ್ಗಿ ನೋಡಿದೆ. ಕಣ್ಣಿನ ಪಕ್ಕ ಕಪ್ಪಿನಡಿಯಿಂದ ಹಳದಿ ಇಣುಕುತ್ತಿತ್ತು, ಅಂಚೆಲ್ಲ ಕೋಳಿ ಕೆದರಿದ ಹಾಗಿತ್ತು. ಅಪ್ಪ ನೋಡಿದ್ದರೆ ದಂಡೆ ಹಾರಿಹೋಗುವಂತೆ ಬೈಯುತ್ತಿದ್ದ.

"ಕಪ್ಪು ಎಲ್ಲಿ?" ಎಂದೆ.

"ಏನು?"

"ಕಿವುಡಾ? ಕಪ್ಪು ಡಬ್ಬಿ ಕೊಡು. ಒಂದೇ ಕೋಟ್ ಬಳಿದಿದ್ದೀಯ. ಉಪ್ಪುನೀರಿಗೆ ತಿಂಗಳೂ ನಿಲ್ಲಲ್ಲ. ಇದು ವರ್ಷ ಪೂರ್ತಿ ಇರ್ಬೇಕು."

ಅವನು ಹಗ್ಗ ಎಡವಿ, ಬಿದ್ದು, ಎದ್ದು ಡಬ್ಬಿ ತಂದ. ಒಂದು ಬದಿ ನಾನು ಬಳಿದೆ, ಇನ್ನೊಂದು ಬದಿ ಅವನು. ಇಡೀ ಹೊತ್ತು ಅಪ್ಪನ ಬದಲು ನಾನೇ ಬೈದೆ.

ಜನರೆಲ್ಲ ಹತ್ತಿದರು. ನಾನು ಎಂದಿನಂತೆ ನೆಗೆಯಲು ದಂಡೆಯಂಚಿಗೆ ಬಂದು ನಿಂತೆ. ವಿಸ್ತಿನ್ ಕೈ ಚಾಚಿದ. ಮಣಿಕಟ್ಟಿನವರೆಗೂ ಕಪ್ಪು ಮೆತ್ತಿತ್ತು.

"ನನ್ನ ಬಟ್ಟೆಗೇನಾದ್ರೂ ಮೆತ್ಕೊಳ್ಲಿ, ಮಾಡ್ತೀನಿ ನೋಡು" ಎಂದು ಗದರಿ, ಆ ಕೈ ಹಿಡಿದು ಹತ್ತಿದೆ. "ಮೆಲ್ಲಗೆ ಓಡ್ಸು. ಬಣ್ಣ ಹಸಿ ಇದೆ."