ಗ್ಯಾನಪ್ಪನ ಮಗ್ಗದ ಮರದ ತುಂಡು

ಗ್ಯಾನಪ್ಪನ ಕಾಲಿಗೆ ಏನೋ ಆಗಿದೆ ಎಂದೇ ನಾನು ತಿಳಿದಿದ್ದೆ. ಇಲ್ಲದಿದ್ದರೆ ಮಗ್ಗದ ಕುಣಿಯಲ್ಲಿ ತುಳಿಯುವ ಹಲಗೆಗೆ ಯಾರು ಮರದ ತುಂಡು ಕಟ್ಟುತ್ತಾರೆ? ನನಗಂತೂ ಅನುಕೂಲವೇ ಆಯಿತು. ನನ್ನ ಗಿಡ್ಡ ಕಾಲು ಈಗ ಸರಿಯಾಗಿ ಎಟುಕುತ್ತಿತ್ತು.

ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಮಾತಿದು. ಗಜೇಂದ್ರಗಡದ ಕಳಕಪ್ಪ ಸಾವ್ಕಾರರ ಮಗ್ಗಗಳಲ್ಲಿ ಗಂಡಸರು ಸೀರೆ ನೇಯಬೇಕು, ಹೆಂಗಸರು ಲಾಳಿಯ ಕಂಡಿಕೆಗೆ ನೂಲು ಸುತ್ತಬೇಕು. ನಾನು ಮಗ್ಗ ಕೇಳಿದಾಗ, "ಕೂಲಿ ಹೆಚ್ಚ ಮಾಡ್ತೀನಿ, ಸುಮ್ನ ಸುತ್ತ" ಎಂದಿದ್ದರು. ನಾನು ಕೇಳಿದ್ದು ಕೂಲಿಯನ್ನೇ? ನನ್ನ ಕೈಯಿಂದ ಒಂದು ಸೀರೆ ಇಳಿಯಬೇಕಿತ್ತು. ಅದಕ್ಕೇ ಗ್ಯಾನಪ್ಪ ಊಟಕ್ಕೆ ಹೋದಾಗಲೆಲ್ಲ ಕಳ್ಳಿಯ ಹಾಗೆ ಅವನ ಮಗ್ಗಕ್ಕೆ ಇಳಿಯುತ್ತಿದ್ದೆ.

ಆವತ್ತು ಬಾಗಿಲಲ್ಲಿ ಸಾವ್ಕಾರರ ಚಪ್ಪಲಿ ಸಪ್ಪಳ. ಗಡಬಡಿಸಿ ಹಸಿರಿನ ಬದಲು ಅಂಚಿನ ಕೆಂಪು ಲಾಳಿ ಎಸೆದೆ, ಸೀರೆಯ ಹಸಿರು ಒಡಲಲ್ಲಿ ಕೆಂಪು ಗೆರೆ ಬಿತ್ತು. ಬಿಚ್ಚಲು ಪುರಸೊತ್ತೆಲ್ಲಿ? ಓಡಿ ನೂಲು ಸುತ್ತುವ ರಾಟಿಯ ಮುಂದೆ ಕುಳಿತೆ.

ಗ್ಯಾನಪ್ಪ ಬಂದ. ಗೆರೆ ನೋಡಿದ, ನನ್ನನ್ನು ನೋಡಿದ, ಮೀಸೆಯಲ್ಲೇ ನಕ್ಕ. ನನಗೆ ಕೆಲಸ ಹೋಗುವ ಭಯ, ಇವನಿಗೆ ನಗು!

"ಯಾರ ಕೆಲಸಲೇ ಇದು?" ಒಳಗೆ ಬಂದು ಗೆರೆ ಕಂಡ ಸಾವ್ಕಾರರು ಗುಡುಗಿದರು.

"ನಂದ್ರಿ," ಎಂದ ಗ್ಯಾನಪ್ಪ.

"ಹಂಗಾರ ಮಗ್ಗ ಬಿಟ್ಟ ನಡಿ!"

ಸುಮ್ಮನಿದ್ದರೆ ನನ್ನ ಕೆಲಸ ಉಳಿಯುತ್ತಿತ್ತು. ಮನೆಯಲ್ಲಿ ಅವ್ವನಿಗೆ ನನ್ನ ದುಡಿಮೆಯೇ ಗತಿ. ಆದರೂ ಎದ್ದೆ.

"ಅಂವ ಅಲ್ರಿ, ನಾ ನೇಯ್ದದ್ದು. ಗೆರಿ ಅಷ್ಟ ಅಲ್ಲ, ಅದರ ಹಿಂದಿನ ಗೇಣು ಸೈತ ನಂದ."

ಸಾವ್ಕಾರರು ಬಟ್ಟೆಯ ಮೇಲೆ ಕೈಯಾಡಿಸಿದರು. ಆ ಗೇಣಿನಲ್ಲಿ ತಪ್ಪು ಸಿಗಲಿಲ್ಲ. ಅದಕ್ಕೇ ಸಿಟ್ಟು ಇನ್ನೂ ಏರಿತು.

"ಇಬ್ರೂ ಹೊರಗ ಬೀಳ್ರಿ!"

ಇಬ್ಬರೂ ಬೀದಿಗೆ ಬಂದೆವು. "ನನ್ನಿಂದ ನಿನ್ನ ಕೆಲಸ ಹೋತು. ಮೊದಲ ಕಾಲ ಬ್ಯಾರೆ ನೋಯ್ತಾವ ನಿನಗ," ಎಂದು ಅತ್ತೆ.

"ನನ್ನ ಕಾಲಿಗೆ ಏನಾಗೇತಿ?"

"ಮತ್ತ ಆ ಕಟಗಿ ತುಂಡು?"

"ನಿನ್ನ ಸಲುವಾಗಿ ಕಟ್ಟಿದ್ದು, ಹುಚ್ಚಿ. ಹಲಗಿ ಎತ್ತರಾಗಿ ನನ್ನ ಮೊಣಕಾಲು ಈಗ ಮಗ್ಗಕ್ಕ ಬಡದ ಬಡದ ಬಾತಾವ."

ಅಳು ಗಕ್ಕನೆ ನಿಂತಿತು. "ಅಂದ್ರ, ಊಟಕ್ಕ ಅಷ್ಟೊತ್ತು..."

"ಎರಡು ರೊಟ್ಟಿ ತಿನ್ನಾಕ ಯಾರಿಗೆ ತಾಸ ಬೇಕು?"

ನಗು ಬಂತು, ಅಂಜಿಕೆ ಹೋಗಲಿಲ್ಲ. ನಾಳೆ ಹ್ಯಾಂಗ ಎಂದು ಕೇಳಿದೆ. ಈಗ ಅವನೂ ಅಂಜಿದ. ನೆಲ ನೋಡುತ್ತ ಹೇಳಿದ:

"ಮನ್ಯಾಗ ಅಪ್ಪನ ಮಗ್ಗ ಐತಿ. ನೂಲು ನೇಕಾರರ ಸೊಸಾಯಿಟಿಯವರು ಕೊಡ್ತಾರ. ನನ್ನ ಮದಿವಿ ಆಗ್ತಿಯೇನ, ಮಾನವ್ವಾ? ನೀ ನೇಯಿ. ನಾ ಕಂಡಿಕಿ ಸುತ್ತತೀನಿ."

ಸಾವ್ಕಾರರು ಇನ್ನೂ ಬಾಗಿಲಲ್ಲೇ ನಿಂತು ದುರುಗುಟ್ಟುತ್ತಿದ್ದರು.

"ಹಂಗಾರ ಒಳಗ ಹೋಗಿ," ಎಂದೆ, "ಆ ಕಟಗಿ ತುಂಡು ಬಿಚ್ಚಿಕೊಂಡ ಬಾ."